ಸುಟ್ಟುಹೋದ ಅರಮನೆಯ ಬಣ್ಣಗಳು

ಪ್ರಶ್ನೆ: 1855ರಲ್ಲಿ ವಿಕ್ಟೋರಿಯಾ ರಾಣಿ ಪ್ಯಾರಿಸ್‌ಗೆ ಹೋದಾಗ ಕಲಾವಿದರು ಬರೆದ ಜಲವರ್ಣ ಚಿತ್ರಗಳನ್ನು ನೋಡಿದೆ. ಆ ಹೊತ್ತಿಗೆ ಕ್ಯಾಮೆರಾ ಬಂದಿತ್ತಲ್ಲ, ಮತ್ತೆ ಕುಂಚ ಯಾಕೆ? ಇವನ್ನು ದಾಖಲೆ ಅಂತ ನಂಬಬಹುದಾ?

ಉತ್ತರ: ಕ್ಯಾಮೆರಾ ಬಂದಿತ್ತು, ನಿಜ. ಆದರೆ ಹಗಲಲ್ಲೇ ಅದರ ಮುಂದೆ ಕೆಲವು ಸೆಕೆಂಡು ಮಿಸುಕಾಡದೆ ನಿಲ್ಲಬೇಕಿತ್ತು. ರಾತ್ರಿ ದೀಪದ ಬೆಳಕಲ್ಲಿ ಓಡಾಡುವ ಜನ ಅದಕ್ಕೆ ಸಿಗುತ್ತಿರಲಿಲ್ಲ. ಬಣ್ಣವಂತೂ ಇಲ್ಲವೇ ಇಲ್ಲ. ಆ ಭೇಟಿಯ ಸೊಗಸೆಲ್ಲ ಇದ್ದದ್ದು ದೀಪದಲ್ಲಿ, ಬಣ್ಣದಲ್ಲಿ. 1431ರಲ್ಲಿ ಆರನೇ ಹೆನ್ರಿ ಬಂದುಹೋದ ಮೇಲೆ ಇಂಗ್ಲೆಂಡಿನ ದೊರೆ ಪ್ಯಾರಿಸ್‌ಗೆ ಬಂದಿದ್ದು ಇದೇ ಮೊದಲು. ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಆಗಸ್ಟ್ 18ರಿಂದ 27ರವರೆಗೆ ಅತಿಥಿಗಳನ್ನು ಬಹಳ ವೈಭವದಿಂದ ನೋಡಿಕೊಂಡ.

ಆಗಸ್ಟ್ 25ರ ರಾತ್ರಿ ವರ್ಸೇಲ್ಸ್ ಅರಮನೆಯ ನಾಟಕಶಾಲೆಯಲ್ಲಿ ನಡೆದ ಊಟದ ಚಿತ್ರವನ್ನು ಯೂಜೀನ್ ಲಾಮಿ ಅನ್ನುವ ಫ್ರೆಂಚ್ ಕಲಾವಿದ ಬರೆದಿದ್ದಾನೆ. ನಾನು ವರ್ಷಗಟ್ಟಲೆ ಜಲವರ್ಣ ಕಲಿಸಿದವನು. ಇಂಥ ಚಿತ್ರ ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದದ ಬಿಳುಪು. ದೀಪ ಎಲ್ಲಿ ಬೇಕೋ ಅಲ್ಲಿ ಬಣ್ಣ ತಾಗದ ಹಾಗೆ ಮೊದಲೇ ಜಾಗ ಬಿಡಬೇಕು. ಒಂದು ಹನಿ ಹರಿದು ಒಳಗೆ ಬಂತೋ, ಆ ದೀಪ ಆರಿತು. ಆಮೇಲೆ ದಪ್ಪ ಬಿಳಿ ಬಣ್ಣ ಇಟ್ಟು ಸರಿಮಾಡಬಹುದು, ಆದರೆ ಕಾಗದದ ಆ ಹೊಳಪು ಮರಳಿ ಬರುವುದಿಲ್ಲ.

ಇನ್ನು ನಂಬಿಕೆಯ ಮಾತು. ಗುಂಪಿನ ಚಿತ್ರದಲ್ಲಿ ಯಾರು ಎಲ್ಲಿ ನಿಂತಿದ್ದರು ಅನ್ನುವುದನ್ನು ಪೂರ್ತಿ ನಂಬಬೇಡಿ. ಸ್ಥಳದಲ್ಲಿ ಗೀಚಿಕೊಂಡಿದ್ದನ್ನು ಕಲಾವಿದರು ಆಮೇಲೆ ಕೂತು ಮುಗಿಸುತ್ತಿದ್ದರು. ಮುಖ್ಯರಾದವರು ಚೆನ್ನಾಗಿ ಕಾಣುವ ಹಾಗೆ ಜೋಡಿಸುತ್ತಿದ್ದರು. ಕೋಣೆಗಳ ಚಿತ್ರ ಹಾಗಲ್ಲ. ರಾಣಿ ಉಳಿದುಕೊಂಡಿದ್ದು ಪ್ಯಾರಿಸ್ ಹತ್ತಿರದ ಸೇಂ-ಕ್ಲೂ ಅರಮನೆಯಲ್ಲಿ. ಅಲ್ಲಿನ ಕೋಣೆಗಳನ್ನು ಫೂರ್ನಿಯೇ ಅನ್ನುವ ಕಲಾವಿದ ಬರೆದ. ಪರದೆ ಹೇಗೆ ಇಳಿಬಿಟ್ಟಿತ್ತು, ಕುರ್ಚಿ ಯಾವ ಗೋಡೆಗೆ ಒತ್ತಿಕೊಂಡಿತ್ತು, ಇಂಥದ್ದೇ ಅವನ ಕಸುಬು. 1870ರ ಅಕ್ಟೋಬರ್‌ನಲ್ಲಿ, ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯದ ಜೊತೆಗಿನ ಯುದ್ಧದ ನಡುವೆ, ಆ ಅರಮನೆ ಸುಟ್ಟುಹೋಯಿತು. ಉಳಿದ ಗೋಡೆಗಳನ್ನೂ 1891ರಲ್ಲಿ ಕೆಡವಿದರು. ಆ ಕೋಣೆಗಳ ಬಣ್ಣ ಹೇಗಿತ್ತು ಅಂತ ಇವತ್ತು ಕೇಳಿದರೆ ಈ ಕಾಗದಗಳೇ ಹೇಳಬೇಕು. ಇದಕ್ಕಿಂತ ದೊಡ್ಡ ದಾಖಲೆ ಬೇಕಾ?

ರಾಣಿಗೂ ಜಲವರ್ಣ ಗೊತ್ತಿತ್ತು, ಲೀಚ್ ಅನ್ನುವ ಕಲಾವಿದನಿಂದ ಪಾಠ ಹೇಳಿಸಿಕೊಂಡಿದ್ದಳು. ಇಂಥ ನೆನಪಿನ ಚಿತ್ರಗಳನ್ನು ಅವಳೂ ಗಂಡ ಆಲ್ಬರ್ಟನೂ ಆಲ್ಬಮ್‌ಗಳಲ್ಲಿ ಜೋಪಾನ ಮಾಡುತ್ತಿದ್ದರು. ಮುಚ್ಚಿದ ಆಲ್ಬಮ್‌ನೊಳಗೆ ಬಿಸಿಲು ಬೀಳುವುದಿಲ್ಲವಲ್ಲ, ಬಣ್ಣ ಉಳಿಯುತ್ತದೆ. ನಾನು ಕಿಟಕಿ ಎದುರು ತೂಗುಹಾಕಿದ್ದ ನನ್ನದೇ ಒಂದು ಚಿತ್ರದಲ್ಲಿ ಕೆಂಪು ಹೂಗಳೆಲ್ಲ ಮಾಸಿ, ಎಲೆಗಳಷ್ಟೇ ಉಳಿದಿವೆ. ಮ್ಯೂಸಿಯಂಗಳಲ್ಲಿ ಜಲವರ್ಣವನ್ನು ಮಬ್ಬು ಬೆಳಕಲ್ಲಿ, ಸ್ವಲ್ಪ ದಿನ ಮಾತ್ರ ಇಡುವುದೂ ಇದಕ್ಕೇ. ಅಲ್ಲಿ ಐದು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೆ ಬಣ್ಣಗಳು ಒಂದೊಂದಾಗಿ ಕಾಣಿಸುತ್ತವೆ.