ಸ್ನಾರ್ಕೆಲ್ ಹಾಕಿಸಿದ್ರೆ ಮಳೆಗಾಲದಲ್ಲೂ ಥಾರ್‌ನಲ್ಲಿ ತೋಡು ದಾಟಬಹುದಾ?

ನೀವು ಕೇಳಿದ್ದು ಇಷ್ಟು: ಮನೆ ಉಡುಪಿಯ ಒಳಗಡೆ, ದಾರಿಯಲ್ಲಿ ಒಂದು ತೋಡು (ಸಣ್ಣ ಹಳ್ಳ), ಈಗ ಸೆಕೆಂಡ್ ಹ್ಯಾಂಡಲ್ಲಿ 2021ರ ಡೀಸೆಲ್ ಮಹೀಂದ್ರಾ ಥಾರ್ ತಗೊಂಡಿದ್ದೀರಿ, ಸ್ನಾರ್ಕೆಲ್ (ಎಂಜಿನ್‌ಗೆ ಮೇಲಿನಿಂದ ಗಾಳಿ ಎಳೆಯುವ ಕೊಳವೆ) ಹಾಕಿಸಿದ್ರೆ ಜೋರು ಮಳೆಯ ಆಟಿ ತಿಂಗಳಲ್ಲೂ ಧೈರ್ಯವಾಗಿ ದಾಟಬಹುದಾ ಅಂತ. ನಿಂತ ನೀರಾದ್ರೆ ಒಂದು ಮಟ್ಟದವರೆಗೆ ಹೌದು. ಹರಿಯುವ ನೀರಾದ್ರೆ ಸ್ನಾರ್ಕೆಲ್ ಇದ್ರೂ ಒಂದೇ, ಇಲ್ಲದಿದ್ರೂ ಒಂದೇ. ಅದು ಎಂಜಿನ್‌ಗೆ ಗಾಳಿ ಕೊಡುತ್ತದೆ ಅಷ್ಟೇ ಮಾರಾಯ್ರೆ, ಗಾಡಿಯನ್ನು ನೆಲಕ್ಕೆ ಹಿಡಿದು ನಿಲ್ಲಿಸುವುದಿಲ್ಲ.

ಒಂದು ಲೆಕ್ಕ ಹೇಳ್ತೇನೆ. ಥಾರ್ ಉದ್ದ ಸುಮಾರು 4 ಮೀಟರ್, ಅಗಲ 1.8 ಮೀಟರ್. ಗಾಡಿಯ ತಳದಿಂದ ಬರೀ 30 ಸೆಂಟಿಮೀಟರ್ ಮೇಲೆ ನೀರು ಬಂತು ಅಂದ್ರೆ, ಒಳಗೆ ನುಗ್ಗುವ ಮೊದಲು ಅದು ಹತ್ತಿರ ಹತ್ತಿರ 2 ಟನ್ ಬಲದಿಂದ ಗಾಡಿಯನ್ನು ಮೇಲಕ್ಕೆ ಎತ್ತುತ್ತದೆ. ಗಾಡಿಯ ತೂಕವೂ ಹೆಚ್ಚುಕಡಿಮೆ ಅಷ್ಟೇ. ಡೋರಿನ ಸಂದಿಯಿಂದ ನೀರು ಒಳಗೆ ಬರುವುದರಿಂದ ಪೂರ್ತಿ ತೇಲದೇ ಇರಬಹುದು, ಆದ್ರೆ ಟಯರ್ ಮೇಲಿನ ಭಾರ ಹೋಯ್ತಲ್ವಾ. ಭಾರ ಇಲ್ಲದ ಟಯರ್‌ಗೆ ಹಿಡಿತ ಇಲ್ಲ, ಫೋರ್ ವೀಲ್ ಡ್ರೈವ್ ಇದ್ದೂ ಉಪಯೋಗ ಇಲ್ಲ. ಪಕ್ಕದಿಂದ ಸೆಳೆತ ಬಂದರೆ ಗಾಡಿ ಸುಮ್ನೆ ಜಾರಿಕೊಂಡು ಹೋಗುತ್ತದೆ. ದಾಟಬಹುದಾದ ನೀರಿನ ಆಳ ಥಾರ್‌ಗೆ 650 ಮಿಲಿಮೀಟರ್ ಅಂತ ಕಂಪೆನಿ ಹೇಳಿದೆ. ಆ ಅಂಕಿಯನ್ನು ನಿಂತ ನೀರಿಗೆ ಅಂತಲೇ ಇಟ್ಟುಕೊಳ್ಳಿ. ನಿಂತ ನೀರಿಗೂ ನಾನು ಅರ್ಧ ಮೀಟರ್ ದಾಟುವುದಿಲ್ಲ.

ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಉಡುಪಿಯಲ್ಲಿ ಬಿಸಿಲು ಇರುತ್ತದೆ, ಆಗುಂಬೆ ಕಡೆ ಘಟ್ಟದಲ್ಲಿ ಸುರಿಯುತ್ತಿರುತ್ತದೆ, ಸೀತಾ ನದಿ ಇಲ್ಲಿ ಏರುತ್ತದೆ. ತೋಡೂ ಹಾಗೆಯೇ. ಬೆಳಿಗ್ಗೆ ದಾಟಿದ ಜಾಗ ಅಂತ ಸಂಜೆ ಕಣ್ಣುಮುಚ್ಚಿ ಇಳಿಸಬೇಡಿ. ಕೆಂಪು ನೀರಿನಲ್ಲಿ ತಳ ಕಾಣುವುದೂ ಇಲ್ಲ. ನಿಮ್ಮ ದಾರಿ ಕಿಂಡಿ ಅಣೆಕಟ್ಟಿನ ಹತ್ತಿರ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು, ಯಾಕಂದ್ರೆ ಕಟ್ಟದ ಕೆಳಗಡೆ ನೀರು ಬಿದ್ದು ಬಿದ್ದು ಗುಂಡಿ ಆಗಿರುತ್ತದೆ.

ಅದಕ್ಕೆ ಖರ್ಚಿಲ್ಲದ ಒಂದು ಕೆಲಸ ಇದೆ. ಬೇಸಿಗೆಯಲ್ಲಿ ತೋಡು ಒಣಗಿದಾಗ ಟಯರ್ ಹೋಗುವ ಸಾಲಿನ ತಳದಿಂದ ಟೇಪ್ ಹಿಡಿದು 50 ಸೆಂಟಿಮೀಟರ್ ಎತ್ತರ ಅಳೆಯಿರಿ, ಅದೇ ಮಟ್ಟಕ್ಕೆ ದಡದ ಪಾದೆಗೋ (ಬಂಡೆಗೋ) ತೆಂಗಿನ ಮರಕ್ಕೋ ಬಿಳಿ ಪೇಂಟಿನಲ್ಲಿ ಒಂದು ಗೆರೆ ಹಾಕಿ. ಎರಡೂ ದಡಕ್ಕೆ ಹಾಕಿ. ಮಳೆಗಾಲದಲ್ಲಿ ಗೆರೆ ಮುಳುಗಿದ್ದರೆ ಗಾಡಿ ಅಲ್ಲೇ ನಿಲ್ಲಿಸಿ, ಸುತ್ತು ಬಳಸಿ ಹೋಗಿ. ಗೆರೆ ಕಾಣುತ್ತಿದ್ದರೂ ಮೊದಲ ದೊಡ್ಡ ಮಳೆ ಆದ ಮೇಲೆ ಹೊಯ್ಗೆ (ಮರಳು), ಕಲ್ಲು ಜಾಗ ಬದಲಾಯಿಸಿರುತ್ತವೆ. ಬಿದಿರಿನ ಕೋಲು ಹಿಡಿದು ಟಯರ್ ಹೋಗುವ ಎರಡೂ ಸಾಲಿನಲ್ಲಿ ನಡೆದು ನೋಡಿ, ಬರೀ ನಡುವಿನಲ್ಲಿ ಅಲ್ಲ. ಹರಿವು ಮೊಣಕಾಲಿಗೆ ಬಂದು ಕಾಲು ಎಳೆಯುತ್ತಿದ್ದರೆ ಹಿಂದೆ ಬನ್ನಿ. ನಿಮಗೆ ನಡೆಯಲು ಆಗದ ನೀರಿಗೆ ಗಾಡಿ ಇಳಿಸಲೇಬಾರದು.

ಇನ್ನು ದಾಟುವ ರೀತಿ. ದಡದಲ್ಲೇ 4ಎಲ್ (ಫೋರ್ ವೀಲ್ ಡ್ರೈವ್‌ನ ನಿಧಾನ ವೇಗದ, ಹೆಚ್ಚು ಬಲದ ಗೇರ್) ಹಾಕಿ, ಫಸ್ಟ್ ಅಥವಾ ಸೆಕೆಂಡ್ ಗೇರ್, ಕಿಟಕಿ ಇಳಿಸಿಡಿ (ಪವರ್ ವಿಂಡೋ ನೀರಿನಲ್ಲಿ ಕೈಕೊಟ್ಟರೆ ಹೊರಗೆ ಬರುವುದು ಕಷ್ಟ). ಟೋಯಿಂಗ್ ಹಗ್ಗವನ್ನು ಇಳಿಯುವ ಮೊದಲೇ ಹುಕ್‌ಗೆ ಕಟ್ಟಿಡಿ, ಮುಳುಗಿದ ಹುಕ್ಕನ್ನು ಕೆಸರು ನೀರಿನಲ್ಲಿ ತಡಕಾಡುವುದು ಬೇಡ. ನಿಧಾನಕ್ಕೆ ಇಳಿದು, ಆಮೇಲೆ ಚುರುಕಾಗಿ ನಡೆಯುವ ವೇಗ. ಆ ವೇಗದಲ್ಲಿ ಬಂಪರ್ ಮುಂದೆ ಒಂದು ಸಣ್ಣ ಅಲೆ ಏಳುತ್ತದೆ, ಅದರ ಹಿಂದೆ, ಅಂದ್ರೆ ಬಾನೆಟ್ ಕೆಳಗೆ, ನೀರಿನ ಮಟ್ಟ ಸ್ವಲ್ಪ ತಗ್ಗುತ್ತದೆ. ಆ ಅಲೆಯನ್ನು ದಾಟಿಕೊಂಡು ಹೋಗಬಾರದು, ನಿಲ್ಲಲೂಬಾರದು. ನಡುವೆ ಕ್ಲಚ್ ತುಳಿಯಬೇಡಿ, ಗೇರ್ ಬದಲಾಯಿಸಬೇಡಿ, ಆಕ್ಸಿಲರೇಟರ್ ಒಂದೇ ಸಮ ಇರಲಿ. ಜೋರಾಗಿ ನೀರು ಹಾರಿಸಿಕೊಂಡು ಹೋಗುವ ವಿಡಿಯೋ ಚಂದ ಕಾಣುತ್ತದೆ, ಎಂಜಿನ್‌ಗೆ ನೀರು ಹೋಗುವುದೂ ಹಾಗೇ.

ಆದರೂ ಸ್ನಾರ್ಕೆಲ್ ಹಾಕಿಸುತ್ತೀರಾದ್ರೆ, ಹಾಕಿಸಿದ ದಿನವೇ ಪರೀಕ್ಷೆ ಮಾಡಿ. ಎಂಜಿನ್ ಐಡಲ್‌ನಲ್ಲಿ ಇಟ್ಟು ಸ್ನಾರ್ಕೆಲ್ ಬಾಯಿಗೆ ಅಂಗೈ ಒತ್ತಿ ಹಿಡಿಯಿರಿ. ಕೈ ಒಳಗೆ ಎಳೆದ ಹಾಗೆ ಆಗಿ, ಎಂಜಿನ್ ಗೊರಗೊರ ಅಂದು ಆಫ್ ಆಗಬೇಕು. ಏನೂ ಆಗದ ಹಾಗೆ ಓಡುತ್ತಲೇ ಇದ್ದರೆ ಎಲ್ಲೋ ಜಾಯಿಂಟ್ ಸಡಿಲ, ಇಲ್ಲಾಂದ್ರೆ ಏರ್ ಫಿಲ್ಟರ್ ಡಬ್ಬಿಯ ತಳದ ಡ್ರೈನ್ ತೂತು ತೆರೆದಿದೆ. ಗಾಳಿ ಬರುವ ಸಂದಿಯಲ್ಲಿ ನೀರೂ ಬರುತ್ತದೆ.

ಅದಕ್ಕಿಂತ ಮೊದಲು ದುಡ್ಡು ಹಾಕಬೇಕಾದ್ದು ಆಕ್ಸಲ್, ಗೇರ್‌ಬಾಕ್ಸ್ ಬ್ರೀದರ್‌ಗಳಿಗೆ (ಒಳಗಿನ ಗಾಳಿ ಆಡಲು ಇಟ್ಟ ಸಣ್ಣ ತೂತುಗಳಿಗೆ) ಅಂತ ನನ್ನ ಅಭಿಪ್ರಾಯ. ಓಡಿ ಬಿಸಿಯಾದ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಡಬ್ಬಿ) ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲ್ ಸಂದಿಯಿಂದಲೋ ಬ್ರೀದರ್‌ನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರ್‌ಗೆ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ತಂದರೆ ಮುಕ್ಕಾಲು ಪಾಲು ಸಮಸ್ಯೆ ಮುಗಿಯಿತು. ಆಳದ ನೀರು ದಾಟಿದ ಮೇಲೆ ಡಿಫರೆನ್ಷಿಯಲ್‌ನ ಪ್ಲಗ್ ಬಿಚ್ಚಿ ಬೆರಳು ಅದ್ದಿ ನೋಡಿ, ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಇದ್ದರೆ ಬದಲಾಯಿಸಲೇಬೇಕು. ದಡ ಹತ್ತಿದ ತಕ್ಷಣ ಮೆಲ್ಲ ಓಡಿಸುತ್ತಾ ನಾಲ್ಕೈದು ಸಲ ಬ್ರೇಕ್ ಒತ್ತಿ ಒಣಗಿಸಿಕೊಳ್ಳಿ. ಉಬ್ಬರದಲ್ಲಿ ಉಪ್ಪುನೀರು ಬರುವ ಜಾಗವಾದ್ರೆ ಅದೇ ದಿನ ಅಡಿಯನ್ನು ಸಿಹಿನೀರಿನಲ್ಲಿ ತೊಳೆಯಿರಿ.

ಪೇಟೆಯಲ್ಲೂ ಇದೇ ಜಾಗ್ರತೆ ಬೇಕು. 2018ರ ಮೇ 29ರಂದು ಮಂಗಳೂರಿನಲ್ಲಿ, 2020ರ ಸೆಪ್ಟೆಂಬರ್ 20ರಂದು ಉಡುಪಿಯಲ್ಲಿ ರಸ್ತೆ ಯಾವುದು, ಚರಂಡಿ ಯಾವುದು ಅಂತ ಗೊತ್ತಾಗದಷ್ಟು ನೀರು ಬಂದಿತ್ತು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಥಾರ್ ನುಗ್ಗಿಸಿದ್ರೆ ನಿಮ್ಮ ಅಲೆ ಪಕ್ಕದ ಅಂಗಡಿಯೊಳಗೆ ಹೋಗುತ್ತದೆ, ಅದನ್ನೂ ನೋಡಿಕೊಳ್ಳಿ.

ನಡುನೀರಿನಲ್ಲಿ ಎಂಜಿನ್ ತಾನಾಗಿ ನಿಂತರೆ ಸೆಲ್ಫ್ ಹೊಡೆಯಲೇಬೇಡಿ, ಒಂದು ಸಲವೂ ಬೇಡ. ಸಿಲಿಂಡರ್‌ಗೆ ಹೋದ ನೀರನ್ನು ಪಿಸ್ಟನ್‌ಗೆ ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಉಳಿಯುವ ಜಾಗವೇ ಕಡಿಮೆ, ಸ್ವಲ್ಪ ನೀರು ಸಾಕು. ಮೊದಲು ಜನ ಹೊರಗೆ ಬನ್ನಿ. ಆಮೇಲೆ ಹಗ್ಗ ಕಟ್ಟಿ ಎಳೆಸಿ, ನ್ಯೂಟ್ರಲ್‌ನಲ್ಲಿ, ಗೇರ್ ಹಾಕಿ ಅಲ್ಲ. ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಸ್ಟಾರ್ಟ್ ಮಾಡಲಿ ಅಂತ ಮೆಕ್ಯಾನಿಕ್‌ಗೆ ನೀವೇ ಹೇಳಿ. ನಿಮ್ಮ ಇನ್ಶೂರೆನ್ಸ್‌ನಲ್ಲಿ ಎಂಜಿನ್ ಪ್ರೊಟೆಕ್ಟ್ ಅಂತ ಬೇರೆಯಾಗಿ ಸೇರಿಸಿದೆಯಾ ಅಂತ ಈಗಲೇ ತೆಗೆದು ನೋಡಿ. ಅದಿಲ್ಲದ ಸಾಮಾನ್ಯ ಪಾಲಿಸಿಯಲ್ಲಿ ಈ ರೀತಿ ಹೋದ ಎಂಜಿನ್‌ಗೆ ಸಾಧಾರಣವಾಗಿ ದುಡ್ಡು ಸಿಗುವುದಿಲ್ಲ.