ನನಗೆ ಸೋರಿಯಾಸಿಸ್ (ಚರ್ಮದ ಮೇಲೆ ಹೊಟ್ಟೇಳುವ ಕಲೆಗಳ ಕಾಯಿಲೆ), ಬಿಪಿ ಎರಡೂ ಇವೆ. ಬೆಳಗ್ಗೆ ಕೈಬೆರಳು ಬಿಗಿಯುತ್ತವೆ, ಹೋದ ತಿಂಗಳು ಕಾಲಿನ ಹೆಬ್ಬೆರಳೂ ಊದಿತ್ತು, ಎಲ್ಲ ವಾತವೇ ಇರಬೇಕು. ಇವೆರಡೂ ಇದ್ದರೆ ಕೀಲು ಊದುವ ಅಪಾಯ ಹೆಚ್ಚೇ?

ಹೆಚ್ಚು. ಆದರೆ ಬೆಳಗ್ಗೆ ಕೈಬೆರಳು ಬಿಗಿಯುವುದನ್ನೂ ಹೋದ ತಿಂಗಳು ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದಿದ್ದನ್ನೂ ನೀವು ಒಂದೇ ‘ವಾತ’ದ ಲೆಕ್ಕಕ್ಕೆ ಹಾಕಿದ್ದೀರಿ. ಎರಡರ ಮೂಲ ಬೇರೆ ಬೇರೆ ಇರಬಹುದು.

ಸೋರಿಯಾಸಿಸ್ ಇರುವವರಲ್ಲಿ ನೂರಕ್ಕೆ ಸುಮಾರು 20–30 ಮಂದಿಗೆ ಮುಂದೆ ಕೀಲಿನ ಉರಿಯೂತ ಬರುತ್ತದೆ, ಬಹುತೇಕ ಚರ್ಮದ ತೊಂದರೆ ಶುರುವಾಗಿ ಎಷ್ಟೋ ವರ್ಷಗಳಾದ ಮೇಲೆ. ಮೈಮೇಲೆ ಕಲೆ ಕಡಿಮೆ ಇದೆ ಎಂದು ನಿಶ್ಚಿಂತೆಯಿಂದ ಇರಬೇಡಿ, ಉಗುರು ನೋಡಿಕೊಳ್ಳಿ. ಸೂಜಿಯಿಂದ ಚುಚ್ಚಿದಂಥ ಗುಳಿಗಳಿವೆಯೇ? ಉಗುರಿನ ತುದಿ ಮಾಂಸದಿಂದ ಬಿಟ್ಟುಕೊಂಡಿದೆಯೇ? ಬೆರಳ ತುದಿಯ ಕೀಲಿಗೆ ಅಂಟಿದ ಸ್ನಾಯುರಜ್ಜುವಿನ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಎಳೆಗಳು ಉಗುರಿನ ಬುಡದವರೆಗೂ ಹೋಗುತ್ತವೆ. ಹಾಗಾಗಿ ಉಗುರು ಕೆಟ್ಟವರಿಗೆ ಕೀಲಿನ ಅಪಾಯ ಜಾಸ್ತಿ. ಇದರ ಜೊತೆ ಬೆಳಗಿನ ಬಿಗಿತ ಅರ್ಧ ಗಂಟೆ ದಾಟಿದರೆ, ಒಂದು ಬೆರಳು ಬುಡದಿಂದ ತುದಿಯವರೆಗೆ ಊದಿದರೆ, ಹಿಮ್ಮಡಿಯ ಹಿಂದೆ ನೋವಿದ್ದರೆ ರುಮಟಾಲಜಿಸ್ಟ್ (ಕೀಲುವಾತದ ತಜ್ಞ ವೈದ್ಯರು) ಬಳಿ ಹೋಗಿ. ‘ಆರ್‌ಎ ಫ್ಯಾಕ್ಟರ್ ನೆಗೆಟಿವ್, ಏನೂ ಇಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಅದು ರುಮಟಾಯ್ಡ್ ಕೀಲುವಾತಕ್ಕೆ ನೋಡುವ ರಕ್ತಪರೀಕ್ಷೆ, ಸೋರಿಯಾಸಿಸ್‌ನ ಕೀಲುರೋಗದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ವೇ ಬರುವುದು. ಇಎಸ್‌ಆರ್, ಸಿಆರ್‌ಪಿ ಎಂಬ ಉರಿಯೂತ ಅಳೆಯುವ ರಕ್ತಪರೀಕ್ಷೆಗಳೂ ನಾರ್ಮಲ್ ಇರಬಹುದು. ಇನ್ನೊಂದು ಮಾತು: ನೋವಿಗೆಂದು ಸ್ವಂತಕ್ಕೆ ಸ್ಟಿರಾಯ್ಡ್ ಮಾತ್ರೆ ನುಂಗಿ ಥಟ್ಟನೆ ಬಿಟ್ಟರೆ ಸೋರಿಯಾಸಿಸ್ ಮೈತುಂಬ ಕೆರಳಬಹುದು.

ಹೆಬ್ಬೆರಳಿನ ಊತ ಗೌಟ್ ಇರಬಹುದು, ಅಂದರೆ ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳುಗಟ್ಟಿ ಬರುವ ಊತ. ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಓದಿ: ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ಥಾಲಿಡೋನ್ ಇದ್ದರೆ, ಅವು ಯೂರಿಕ್ ಆಸಿಡ್ ಏರಿಸುತ್ತವೆ. 100 ಮಿ.ಲೀ. ರಕ್ತದಲ್ಲಿ ಅದು 6.8 ಮಿ.ಗ್ರಾಂ. ದಾಟಿದರೆ ಕೀಲಿನಲ್ಲಿ ಹರಳುಗಟ್ಟತೊಡಗಬಹುದು. ಕಿಡ್ನಿ ಸೋತಿದ್ದರೆ ಇನ್ನೂ ಬೇಗ. ಹಾಗೆಂದು ಮಾತ್ರೆ ನೀವೇ ನಿಲ್ಲಿಸಬೇಡಿ. ಲೊಸಾರ್ಟಾನ್‌ನಂಥ, ಯೂರಿಕ್ ಆಸಿಡ್ ತುಸು ಇಳಿಸುವ ಬಿಪಿ ಔಷಧಿಯೂ ಇದೆ, ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಊತ ಜೋರಾಗಿದ್ದಾಗ ಮಾಡಿಸಿದ ಟೆಸ್ಟಿನಲ್ಲಿ ಯೂರಿಕ್ ಆಸಿಡ್ ಸರಿಯಾಗಿಯೇ ಕಾಣಬಹುದು. ಊತ ಇಳಿದು ಎರಡು ವಾರ ಕಳೆದ ಮೇಲೆ ಮತ್ತೊಮ್ಮೆ ಮಾಡಿಸಿ.

ಕೀಲಿಗೆ ತೊಂದರೆ ಕೊಡುವ ಉಳಿದ ಕಾಯಿಲೆಗಳು ಚುಟುಕಾಗಿ. ಕ್ರೋನ್ಸ್, ಅಲ್ಸರೇಟಿವ್ ಕೊಲೈಟಿಸ್‌ನಂಥ ಕರುಳಿನ ಉರಿಯೂತ ಮಂಡಿ, ಪಾದದ ಕೀಲು, ಬೆನ್ನಿಗೆ ಹಬ್ಬಬಹುದು. ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆಯಲ್ಲಿ ತೋರುಬೆರಳು, ನಡುಬೆರಳಿನ ಬುಡದ ಗೆಣ್ಣುಗಳೇ ಮುಖ್ಯವಾಗಿ ನೋಯುವುದು. ಪ್ಯಾರಾಥೈರಾಯ್ಡ್ (ರಕ್ತದ ಕ್ಯಾಲ್ಸಿಯಂ ನಿಯಂತ್ರಿಸುವ, ಕತ್ತಿನಲ್ಲಿರುವ ಗ್ರಂಥಿಗಳು) ಕೆಲಸ ಹೆಚ್ಚಾದರೆ ಕ್ಯಾಲ್ಸಿಯಂ ಹರಳು ಮಂಡಿಯಲ್ಲಿ ಕೂರಬಹುದು.

ಸಕ್ಕರೆ ಕಾಯಿಲೆ ಇದ್ದವರಿಗೆ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುವವರಿಗೆ ಕೀಲಿನೊಳಗೆ ಸೋಂಕು ಇಳಿಯುವ ಭಯ ಹೆಚ್ಚು. ಒಂದೇ ಕೀಲು ಬಿಸಿಯಾಗಿ ಊದಿ, ಅಲ್ಲಾಡಿಸಲೂ ಆಗದಿದ್ದರೆ, ಜ್ವರ ಇರಲಿ ಬಿಡಲಿ, ಅದೇ ದಿನ ಆಸ್ಪತ್ರೆಗೆ ಹೋಗಿ ಕೀಲಿನ ನೀರು ತೆಗೆಸಿ ಪರೀಕ್ಷೆ ಮಾಡಿಸಬೇಕು. ಕೆಲವೇ ದಿನ ತಡವಾದರೂ ಮೃದ್ವಸ್ಥಿ (ಕೀಲಿನ ಮೂಳೆತುದಿಯ ಮೆತ್ತೆ) ಹಾಳಾಗಿ ಹೋಗಬಹುದು, ಮತ್ತೆ ಬೆಳೆಯುವುದಿಲ್ಲ.