ಅರ್ಧ ದಿನಕ್ಕೆ ಕಾಸಾ ಬಾಟ್ಯೋನೋ, ಕಾಸಾ ಮಿಲಾನೋ?

ಬಾರ್ಸಿಲೋನಾದ ಪಸೇಜ್ ದೆ ಗ್ರಾಸಿಯಾ ಬೀದಿಗೆ ಅರ್ಧ ದಿನ ಮಾತ್ರ ಇದೆ, ವಾಸ್ತುಶಿಲ್ಪಿ ಗೌಡಿ ರೂಪಿಸಿದ ಎರಡು ಮನೆಗಳಾದ ಕಾಸಾ ಬಾಟ್ಯೋ, ಕಾಸಾ ಮಿಲಾ ಇವುಗಳಲ್ಲಿ ಯಾವುದರ ಒಳಗೆ ಹೋಗಲಿ ಅಂತ ಕೇಳಿದ್ದೀರಿ. ನನ್ನ ಮಾತು ಕೇಳಿದರೆ ಕಾಸಾ ಬಾಟ್ಯೋ.

ಕಾರಣ ಅದರ ನಡುವಿನ ಬೆಳಕಿನ ಬಾವಿ. ನಮ್ಮ ತೊಟ್ಟಿಮನೆಯ ಅಂಗಳ ಉದ್ದಕ್ಕೆ ಮೇಲೆದ್ದ ಹಾಗೆ. ಗೋಡೆಯ ಹೆಂಚುಗಳು ಮೇಲೆ ಕಡುನೀಲಿ, ಕೆಳಗೆ ಬರ್ತಾ ಬರ್ತಾ ತಿಳಿಯಾಗುತ್ತವೆ. ಕಿಟಕಿಗಳು ಮೇಲೆ ಚಿಕ್ಕವು, ಕೆಳಗೆ ದೊಡ್ಡವು. ಮೇಲೆ ಬಿಸಿಲು ಜಾಸ್ತಿ, ಕೆಳಗೆ ಕಡಿಮೆ ಅಲ್ವಾ? ಎಲ್ಲ ಮಹಡಿಗೂ ಸಮನಾಗಿ ಬೆಳಕು ಸಿಗಲಿ ಅಂತ ಮಾಡಿದ ಲೆಕ್ಕ ಅದು. ಅಲ್ಲಿ ಸುಮ್ನೆ ಐದು ನಿಮಿಷ ತಲೆಯೆತ್ತಿ ನಿಲ್ಲಿ. ಇದು ಹೊಸದಾಗಿ ಕಟ್ಟಿದ ಮನೆಯೂ ಅಲ್ಲ, ಇದ್ದ ಮನೆಯನ್ನೇ 1904ರಿಂದ 1906ರವರೆಗೆ ಬದಲಾಯಿಸಿದ್ದು.

ಪಕ್ಕದಲ್ಲೇ ಪುಯಿಗ್ ಇ ಕಡಫಾಲ್ಕ್ ರೂಪಿಸಿದ ಕಾಸಾ ಅಮಾಟ್ಯೆರ್ ಇದೆ, ಮೆಟ್ಟಿಲಿನಂಥ ತಲೆಯದು. ಅದೇ ಸಾಲಿನ ಮೂಲೆಯಲ್ಲಿ ದೊಮೆನೆಕ್ ಇ ಮುಂತಾನೆರ್ ಅವರ ಕಾಸಾ ಯೆಯೊ ಮೊರೇರಾ. ಇವೆರಡನ್ನೂ ಹೊರಗಿನಿಂದ ನೋಡಿದರೆ ಸಾಕು.

ಕಾಸಾ ಮಿಲಾ ಸ್ವಲ್ಪ ಮೇಲಕ್ಕೆ, ಎದುರು ಬದಿಯಲ್ಲಿದೆ. ಅದರ ಅಲೆಯಂಥ ಕಲ್ಲಿನ ಮುಖ ಬೀದಿಯಿಂದಲೇ ಚೆನ್ನಾಗಿ ಕಾಣುತ್ತದೆ. ತಾರಸಿಯ ಚಿಮಣಿಗಳು ತಪ್ಪಿಹೋಗುತ್ತವೆ, ಅದೊಂದು ನಷ್ಟವೇ.

ನಡೆಯುವಾಗ ಕಾಲ ಕೆಳಗೂ ನೋಡಿ. ಪಾದಚಾರಿ ದಾರಿಯ ಆರು ಮೂಲೆಯ ಹಾಸುಬಿಲ್ಲೆಗಳೂ ಗೌಡಿಯದೇ ವಿನ್ಯಾಸ. ಒಂದೇ ಬಿಲ್ಲೆಯಲ್ಲಿ ಚಿತ್ರ ಪೂರ್ತಿಯಾಗುವುದಿಲ್ಲ, ಅಕ್ಕಪಕ್ಕದವು ಸೇರಿದಾಗಲೇ ಕಡಲ ಜೀವಿಗಳು ಮೂಡುತ್ತವೆ. ಟಿಕೆಟ್ ಮಾತ್ರ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.